ಒಡೆದದ್ದಲ್ಲ, ಬರೆದದ್ದು

"ಇದ ಒಡದದ್ದಲ್ಲೋ ತಮ್ಮಾ, ಬರದದ್ದು" ಎಂದು ಅವ್ವ ನನ್ನ ಗಲ್ಲ ಹಿಡಿದು, ಎಡಗೆನ್ನೆಯನ್ನು ದೀಪದ ಕಡೆಗೆ ತಿರುಗಿಸಿ ನೋಡಿ ಹೇಳಿದಳು. ಅಷ್ಟು ಹೊತ್ತಿಗೆ ನಾನು ಕನ್ನಡಿಯ ಮುಂದೆ ಕುಳಿತು ಎರಡೂವರೆ ತಾಸು ಕಳೆದಿದ್ದೆ. ಕಂದು ಪೆನ್ಸಿಲ್ಲಿನಿಂದ ಗೀರು ಎಳೆದು, ಗೀರಿನ ಒಂದು ಅಂಚಿಗೆ ಕಪ್ಪು ನೆರಳನ್ನೂ ಇನ್ನೊಂದು ಅಂಚಿಗೆ ತೆಳುವಾದ ಬಿಳುಪನ್ನೂ ಕೊಟ್ಟು, ಮೊಬೈಲಿನಲ್ಲಿ ಹತ್ತಾರು ಚಿತ್ರ ತೆಗೆದುಕೊಂಡು, ಮುಖ ನಿಜವಾಗಿಯೂ ಬಿರಿದಂತೆ ಕಾಣುತ್ತಿದೆ ಎಂದು ನಂಬಿದ್ದೆ. ಅವ್ವನಿಗೆ ಓದುಬರಹ ಅಷ್ಟಕ್ಕಷ್ಟೇ, ನಾಟಕದ ಬಣ್ಣದ ವಿಷಯವಂತೂ ಗೊತ್ತೇ ಇಲ್ಲ. ಆದರೆ ಒಡೆದ ಹಿಮ್ಮಡಿಯೊಂದಿಗೆ ಅರವತ್ತು ಚಳಿಗಾಲ ಕಳೆದವಳ ಕಣ್ಣನ್ನು ಪೆನ್ಸಿಲ್ಲಿನಿಂದ ಮೋಸಗೊಳಿಸಲು ಆಗಲಿಲ್ಲ.

ಹಿನ್ನೆಲೆ ಇಷ್ಟೇ. ಧಾರವಾಡದ ನಮ್ಮ ಹವ್ಯಾಸಿ ತಂಡದವರು ಬರಗಾಲದ ಬಗ್ಗೆ ತಾವೇ ಕೂಡಿ ಕಟ್ಟಿಕೊಂಡ ಒಂದು ನಾಟಕಕ್ಕೆ ತಯಾರಿ ನಡೆಸಿದ್ದರು. ಕೊನೆಯ ದೃಶ್ಯದಲ್ಲಿ ಮುದುಕ ರೈತನ ಮುಖ, ಅವನು ನಿಂತಿರುವ ಹೊಲದಂತೆಯೇ ಬಿರಿದಿರಬೇಕು ಎಂಬುದು ನಿರ್ದೇಶಕರ ಬಯಕೆಯಾಗಿತ್ತು. ತಂಡದಲ್ಲಿ ಮೇಕಪ್ ನನ್ನ ಪಾಲಿನ ಕೆಲಸ. ಮೀಸೆ ಅಂಟಿಸುವುದು, ತಲೆ ನರೆಸುವುದು, ಪ್ಯಾನ್‌ಕೇಕ್ ಎಂಬ ಮುಖಬಣ್ಣ ಬಳಿದು ಕೆನ್ನೆಗೆ ಗುಳಿ ಬೀಳಿಸುವುದು, ಇಷ್ಟರಲ್ಲಿ ನನ್ನ ಕೈ ಪಳಗಿತ್ತು. ಚರ್ಮವನ್ನೇ ಬೇರೆಯದನ್ನಾಗಿ ಮಾಡುವ ಕೆಲಸಕ್ಕೆ ಮಾತ್ರ ಎಂದೂ ಕೈ ಹಾಕಿರಲಿಲ್ಲ. ಸಿನಿಮಾದವರಾದರೆ ನಟನ ಮುಖದ ಅಚ್ಚು ತೆಗೆದು, ಸಿಲಿಕೋನಿನಲ್ಲಿ ಬೇಕಾದ ಚರ್ಮವನ್ನು ಎರಕ ಹೊಯ್ದು ಅಂಟಿಸುತ್ತಾರೆ. ನಮ್ಮ ಇಡೀ ನಾಟಕದ ಖರ್ಚು ಆ ಒಂದು ತುಂಡಿಗೆ ಸಾಲುವುದಿಲ್ಲ. ಆದ್ದರಿಂದ ಅಡುಗೆಮನೆ, ಕಿರಾಣಿ ಅಂಗಡಿ ಮತ್ತು ಔಷಧದ ಅಂಗಡಿಗಳಲ್ಲಿ ಸಿಗುವ ಸಾಮಾನಿನಲ್ಲಿಯೇ ಇದನ್ನು ಸಾಧಿಸಬೇಕಾಗಿತ್ತು.

ಅವ್ವನ ಮಾತಿನ ಮರುದಿನ ನಾನು ಮಾಡಿದ ಮೊದಲ ಕೆಲಸವೆಂದರೆ ಅವಳ ಕಾಲ ಬುಡದಲ್ಲಿ ಕುಳಿತು ಹಿಮ್ಮಡಿಯನ್ನು ನೋಡಿದ್ದು. ಅಂಗಾಲಿನಲ್ಲಿ ಎಣ್ಣೆ ಜಿನುಗಿಸುವ ಗ್ರಂಥಿಗಳಿಲ್ಲ. ಅಲ್ಲಿನ ಮೇಲುಚರ್ಮ ದೇಹದ ಬೇರೆಡೆಗಿಂತ ಬಹಳ ದಪ್ಪ. ಒಣಗಿ ಗಟ್ಟಿಯಾದ ಆ ಪದರ, ಮೈಭಾರ ಬಿದ್ದಾಗ ಹಿಮ್ಮಡಿಯ ಒಳಗಿನ ಮೆತ್ತೆ ಅಗಲಕ್ಕೆ ಹರಡಿಕೊಳ್ಳುವುದನ್ನು ತಡೆದುಕೊಳ್ಳಲಾರದೆ ಅಂಚಿನಲ್ಲಿ ಮೇಲಿನಿಂದ ಕೆಳಕ್ಕೆ ಸೀಳುತ್ತದೆ. ಸೀಳಿನ ತುಟಿಗಳು ಕೆಂಪಾಗಿರುವುದಿಲ್ಲ. ಹಳದಿ ಮಿಶ್ರಿತ ಬಿಳುಪಿನಲ್ಲಿ, ಹಳೆಯ ಮೇಣದಂತೆ ಸ್ವಲ್ಪ ಮೇಲೆದ್ದು ನಿಂತಿರುತ್ತವೆ. ಆಳದಲ್ಲಿ ಮಣ್ಣು ಸೇರಿ ಕಪ್ಪಾಗಿರುತ್ತದೆ. ಕೆಂಪು ಕಾಣುವುದು ತೀರ ಆಳವಾದ ಒಂದೆರಡು ಕಡೆ ಮಾತ್ರ, ಅದೂ ಕೂದಲೆಳೆಯಷ್ಟು. ನಾನಾದರೋ ಹಿಂದಿನ ರಾತ್ರಿ ಪ್ರತಿಯೊಂದು ಗೀರಿನೊಳಗೂ ಧಾರಾಳವಾಗಿ ಕೆಂಪು ತುಂಬಿದ್ದೆ.

ಎರಡನೆಯ ಪಾಠ ಹೊಲದ್ದು. ನವಲಗುಂದ, ನರಗುಂದದ ಕಡೆಯ ಎರೆಹೊಲವನ್ನು ಬೇಸಿಗೆಯಲ್ಲಿ ನೋಡಿದವರಿಗೆ "ನೆಲ ಬಾಯಿ ಬಿಟ್ಟೈತಿ" ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರೆಮಣ್ಣಿನಲ್ಲಿರುವ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೇಲಿನ ಪದರ ಮೊದಲು ಒಣಗಿ ಕುಗ್ಗಲು ಹೊರಟರೆ, ಇನ್ನೂ ಹಸಿಯಾಗಿರುವ ಕೆಳಗಿನ ಮಣ್ಣು ಅದನ್ನು ಹಿಡಿದೆಳೆಯುತ್ತದೆ. ಈ ಜಗ್ಗಾಟದಲ್ಲಿ ಬಿರುಕು ಹುಟ್ಟುತ್ತದೆ. ಮೊದಲ ಬಿರುಕು ಹುಟ್ಟಿದೊಡನೆ ಅದರ ಅಡ್ಡಲಾಗಿದ್ದ ಬಿಗಿತ ಸಡಿಲಗೊಂಡು, ಉದ್ದಕ್ಕಿರುವ ಬಿಗಿತ ಮಾತ್ರ ಉಳಿಯುವುದರಿಂದ, ಆಮೇಲೆ ಬರುವ ಬಿರುಕು ಅದನ್ನು ಹೆಚ್ಚುಕಡಿಮೆ 90 ಡಿಗ್ರಿ ಕೋನದಲ್ಲಿ ಬಂದು ಕೂಡುತ್ತದೆ. ಮತ್ತೆ ಮತ್ತೆ ನೆನೆದು ಒಣಗಿದ ಹಳೆಯ ನೆಲದಲ್ಲಿ ಮಾತ್ರ ಮೂರು ಬಿರುಕುಗಳು 120 ಡಿಗ್ರಿಯಂತೆ ಸೇರುವ ಜೇನುಗೂಡಿನ ಆಕಾರ ನಿಧಾನವಾಗಿ ಮೂಡುತ್ತದೆ. ಪದರ ದಪ್ಪವಾದಷ್ಟೂ ಬಿರುಕುಗಳ ನಡುವಿನ ಹೆಂಟೆ ದೊಡ್ಡದು, ತೆಳುವಾದಷ್ಟೂ ಚಿಕ್ಕದು. ಇದನ್ನೆಲ್ಲ ತಿಳಿದುಕೊಂಡು ನನ್ನ ಪೆನ್ಸಿಲ್ ಗೀರುಗಳ ಚಿತ್ರಗಳನ್ನು ಮತ್ತೊಮ್ಮೆ ನೋಡಿದಾಗ ತಪ್ಪು ಎದ್ದು ಕಾಣಿಸಿತು. ನನ್ನ ಬಿರುಕುಗಳು ಮರದ ಟೊಂಗೆಗಳಂತೆ ಕವಲೊಡೆದು, ಕೈ ನಿಂತಲ್ಲಿ ತಾವೂ ನಿಂತುಬಿಟ್ಟಿದ್ದವು. ಬಹುತೇಕ ಯಾವುದೂ ಇನ್ನೊಂದನ್ನು ಹೋಗಿ ಮುಟ್ಟಿರಲಿಲ್ಲ. ಅವು ಬಿರುಕುಗಳಾಗಿರದೆ ನಕಾಶೆಯ ಮೇಲಿನ ನದಿಗಳಾಗಿದ್ದವು.

ಹಾಗಾದರೆ ಬಿರುಕನ್ನು ಬರೆಯುವುದೇ ಬೇಡ, ಏನಾದರೊಂದನ್ನು ಬಳಿದು ಅದು ತಾನಾಗಿಯೇ ಒಡೆಯುವಂತೆ ಮಾಡೋಣ ಎಂದು ನಿಶ್ಚಯಿಸಿದೆ. ಮುಖಕ್ಕೆ ಹಚ್ಚಬಹುದಾದ ಜೇಡಿ ಎಂದರೆ ಎಲ್ಲರಿಗೂ ಗೊತ್ತಿರುವ ಮುಲ್ತಾನಿ ಮಿಟ್ಟಿ. ಊಟದ ತಟ್ಟೆಯೊಂದರ ಮೇಲೆ ನಾಲ್ಕು ದಪ್ಪಗಳಲ್ಲಿ ಅದನ್ನು ಬಳಿದು ಫ್ಯಾನಿನ ಕೆಳಗಿಟ್ಟೆ. ಕಾಗದದಷ್ಟು ತೆಳುವಾಗಿ ಬಳಿದದ್ದು ಬರೀ ಮಾಸಲು ಬಣ್ಣವಾಗಿ ಉಳಿಯಿತು. ದೋಸೆಯ ದಪ್ಪದ ಪದರವಾದರೋ ಸುಂದರವಾಗಿ, ಚಿತ್ರದಲ್ಲಿ ಕಾಣುವ ಕೆರೆಯಂಗಳದಂತೆಯೇ ಒಡೆಯಿತು. ಸಂತೋಷ ತಡೆಯಲಾರದೆ ಆ ರಾತ್ರಿಯೇ ಮುಖಕ್ಕೂ ಹಚ್ಚಿಕೊಂಡೆ. ಮುಕ್ಕಾಲು ತಾಸಿನ ನಂತರ ಬಾಯಿ ತೆರೆದು "ಮಳಿ" ಎಂಬ ಒಂದೇ ಒಂದು ಶಬ್ದ ಉಚ್ಚರಿಸಿದೆ, ಬಲಗೆನ್ನೆಯ ಮಣ್ಣೆಲ್ಲ ಒಮ್ಮೆಲೇ ಕಳಚಿ ಮಡಿಲಿಗೆ ಬಿತ್ತು.

ತಟ್ಟೆ ಅಲ್ಲಾಡುವುದಿಲ್ಲ, ಹಿಗ್ಗುವುದಿಲ್ಲ, ಬೆವರುವುದಿಲ್ಲ. ಮುಖ ಈ ಮೂರನ್ನೂ ಮಾಡುತ್ತದೆ, ಸಾಲದ್ದಕ್ಕೆ ಎಣ್ಣೆಯನ್ನೂ ಜಿನುಗಿಸುತ್ತದೆ. ಮಣ್ಣಿಗೆ ಸ್ವಲ್ಪ ಅಂಟು ಬೆರೆಸಿದರೆ ನಿಲ್ಲಬಹುದೆಂದು ಮೈದಾ ಗಂಜಿ ಸೇರಿಸಿದೆ. ಗಂಜಿ ಕಡಿಮೆಯಾದರೆ ಉದುರುತ್ತದೆ, ಹೆಚ್ಚಾದರೆ ಒಡೆಯುವುದೇ ಇಲ್ಲ, ಬರೀ ಬಿಗಿಯುತ್ತದೆ. ಬಡಗಿಗಳು ಬಳಸುವ ಬಿಳಿ ಅಂಟನ್ನು ಬೆರೆಸಲು ಗೆಳೆಯನೊಬ್ಬ ಸಲಹೆ ಕೊಟ್ಟ. ಮರಕ್ಕೆಂದು ಮಾಡಿದ್ದನ್ನು ಮುಖಕ್ಕೆ ಹಚ್ಚುವ ಧೈರ್ಯ ನನಗಾಗಲಿಲ್ಲ. ಆಗದಿದ್ದದ್ದೇ ಒಳ್ಳೆಯದಾಯಿತು ಎಂದು ಈಗಲೂ ಅನ್ನಿಸುತ್ತದೆ.

ಈ ಹಂತದಲ್ಲಿ ನೆನಪಾದದ್ದು ಯಕ್ಷಗಾನದ ಚೌಕಿ, ಅಂದರೆ ವೇಷ ಕಟ್ಟಿಕೊಳ್ಳುವ ಜಾಗ. ತೆಂಕುತಿಟ್ಟು ಎಂಬ ಶೈಲಿಯಲ್ಲಿ ರಾಕ್ಷಸರ ಪಾತ್ರ ಮಾಡುವ ಬಣ್ಣದ ವೇಷಧಾರಿಗಳು ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಹಿಟ್ಟಿನಿಂದ ಮುಖದ ತುಂಬ ಚುಟ್ಟಿ ಎಂಬ ಉಬ್ಬು ಚುಕ್ಕೆಗಳನ್ನು ಇಟ್ಟುಕೊಳ್ಳುವುದನ್ನು, ತಾಸುಗಟ್ಟಲೆ ಕನ್ನಡಿ ಹಿಡಿದು ಒಂದರ ಮೇಲೊಂದು ಚುಕ್ಕೆ ಏರಿಸುವುದನ್ನು ನಾನೊಮ್ಮೆ ಹತ್ತಿರದಿಂದ ನೋಡಿದ್ದೆ. ಅದೂ ಒಣಗಿ ಗಟ್ಟಿಯಾಗುವ ವಸ್ತುವೇ, ಆದರೂ ರಾತ್ರಿಯಿಡೀ ಅಬ್ಬರಿಸಿ ಕುಣಿಯುವ ರಾಕ್ಷಸನ ಮುಖದಿಂದ ಅದು ನನ್ನ ಮಣ್ಣಿನಂತೆ ಹಾಳೆಯಾಗಿ ಕಳಚುವುದಿಲ್ಲ. ಕಾರಣ ನನಗೆ ತೋರಿದ್ದು ಹೀಗೆ: ಚುಟ್ಟಿ ಒಂದು ಹಾಳೆಯಲ್ಲ, ಬಿಡಿಬಿಡಿ ಚುಕ್ಕೆಗಳ ಸಾಲು. ಚುಕ್ಕೆ ಚುಕ್ಕೆಗಳ ನಡುವಿನ ಎಡೆಯಲ್ಲಿ ಚರ್ಮ ತನ್ನ ಪಾಡಿಗೆ ತಾನು ಅಲ್ಲಾಡಿಕೊಂಡಿರುತ್ತದೆ. ಒಡೆದ ಪದರವೂ ಬಿಡಿಬಿಡಿ ಹೆಂಟೆಗಳದ್ದೇ ಸಾಲಲ್ಲವೇ? ಪ್ರತಿಯೊಂದು ಹೆಂಟೆಯೂ ತನ್ನ ಜಾಗದಲ್ಲಿ ಗಟ್ಟಿಯಾಗಿ ಕಚ್ಚಿಕೊಂಡಿರುವಂತೆ, ಹೆಂಟೆಗಳ ನಡುವೆ ಮಾತ್ರ ಹಿಗ್ಗಲು ಅವಕಾಶವಿರುವಂತೆ ಮಾಡಿದರೆ ಕೆಲಸವಾದೀತು. ಅದಕ್ಕೆ ಬೇಕಾಗಿದ್ದದ್ದು ಚರ್ಮದ ಜೊತೆಗೆ ಹಿಗ್ಗುವ, ಮಣ್ಣಿಗೆ ಹಿಡಿತ ಕೊಡುವ ಒಂದು ಒಳಪದರ.

ಅಂಥ ವಸ್ತು ಎಂದರೆ ರಬ್ಬರ್ ಹಾಲು, ಮೇಕಪ್ಪಿನವರು ಲಿಕ್ವಿಡ್ ಲ್ಯಾಟೆಕ್ಸ್ ಎನ್ನುವುದು. ಸುಳ್ಯದ ಕಡೆ ರಬ್ಬರ್ ತೋಟವಿರುವ ಗೆಳೆಯನೊಬ್ಬನಿಗೆ ಹೇಳಿದ್ದೆ. ಆತ ಬೆಳಿಗ್ಗೆ ಟ್ಯಾಪಿಂಗ್ ಮಾಡಿದ ಹಾಲನ್ನು ಬಾಟಲಿಯಲ್ಲಿ ತುಂಬಿಕೊಂಡು ಬಸ್ಸು ಹತ್ತಿದ. ಧಾರವಾಡಕ್ಕೆ ಬರುವಷ್ಟರಲ್ಲಿ ಬಾಟಲಿಯೊಳಗೆ ಒಂದು ಬಿಳಿಯ ಚೆಂಡು ಮತ್ತು ಒಂದಿಷ್ಟು ಹುಳಿವಾಸನೆಯ ನೀರು ಮಾತ್ರ ಇತ್ತು. ಮರದಿಂದ ಇಳಿದ ಹಾಲು ಕೆಲವೇ ತಾಸುಗಳಲ್ಲಿ ಹೆಪ್ಪುಗಟ್ಟುತ್ತದೆ, ಅದನ್ನು ದ್ರವವಾಗಿಯೇ ಉಳಿಸಲು ಅಮೋನಿಯಾ ಸೇರಿಸಬೇಕು ಎಂಬ ಸಾಮಾನ್ಯ ಸಂಗತಿ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ ತೋಟದ ಹಾಲನ್ನು ಮುಖಕ್ಕೆ ಬಳಿಯುವುದು ಸರಿಯಲ್ಲ. ಕೊನೆಗೆ ಚರ್ಮಕ್ಕೆಂದೇ ತಯಾರಿಸಿದ ಚಿಕ್ಕ ಬಾಟಲಿಯನ್ನು ತರಿಸಿಕೊಂಡೆ. ಅದರಲ್ಲಿಯೂ ಅಮೋನಿಯಾ ಇರುತ್ತದೆ, ಮುಚ್ಚಳ ತೆಗೆದೊಡನೆ ಕಣ್ಣಲ್ಲಿ ನೀರು ಬರುತ್ತದೆ. ರಬ್ಬರ್ ಹಾಲಿನಲ್ಲಿರುವ ಪ್ರೋಟೀನುಗಳು ಕೆಲವರ ಮೈಗೆ ಆಗುವುದಿಲ್ಲ, ಒಮ್ಮೊಮ್ಮೆ ಪ್ರಾಣಾಪಾಯದವರೆಗೂ ಹೋಗುತ್ತದೆ. ಬಾಳೆಹಣ್ಣು, ಬೆಣ್ಣೆಹಣ್ಣು, ಕಿವಿ ಹಣ್ಣುಗಳು ಒಗ್ಗದವರು ಇದರಿಂದ ವಿಶೇಷವಾಗಿ ಎಚ್ಚರವಾಗಿರಬೇಕು. ನಾನು ಮೊಣಕೈಯ ಒಳಭಾಗದಲ್ಲಿ ಒಂದು ಬೊಟ್ಟು ಹಚ್ಚಿ ಒಂದು ದಿನ ಕಾದೆ. ಮುದುಕನ ಪಾತ್ರ ಮಾಡುವ ನಿವೃತ್ತ ಮಾಸ್ತರರಿಗೂ ಹಾಗೆಯೇ ಮಾಡಿ, ಅವರ ಮನೆಯವರಿಗೂ ವಿಷಯ ತಿಳಿಸಿ ಆಮೇಲೆ ಮುಂದುವರಿದೆ. ಹುಬ್ಬಿಗೆ ವ್ಯಾಸಲೀನ್ ಹಚ್ಚಿ ಕೂದಲನ್ನು ಮುಚ್ಚಬೇಕೆಂಬುದು ಗೊತ್ತಿದ್ದೂ ನನ್ನ ಮೇಲಿನ ಮೊದಲ ಪ್ರಯೋಗದಲ್ಲಿ ಅವಸರ ಮಾಡಿದೆ. ಎಡಹುಬ್ಬಿನ ತುದಿ ಇನ್ನೂ ಪೂರ್ತಿ ಬಂದಿಲ್ಲ.

ಲ್ಯಾಟೆಕ್ಸಿನಿಂದ ಮುಪ್ಪು ತರುವ ವಿಧಾನ ಹಳೆಯದು, ಸರಳವಾದದ್ದು. ಚರ್ಮವನ್ನು ಬೆರಳಿನಿಂದ ಎಳೆದು ಹಿಡಿದು, ಸ್ಪಂಜಿನ ತುಂಡಿನಿಂದ ಹಾಲನ್ನು ಒತ್ತೊತ್ತಿ ಹಚ್ಚಿ, ಪೂರ್ತಿ ಒಣಗಿದ ಮೇಲೆ ಪೌಡರ್ ಹಾಕಿ ಬಿಟ್ಟರೆ, ಚರ್ಮ ಹಿಂದಕ್ಕೆ ಸರಿಯುವಾಗ ಮೇಲಿನ ಪೊರೆ ಸುಕ್ಕುಗಟ್ಟುತ್ತದೆ. ಅದು ಕೊಡುವುದು ಸುಕ್ಕನ್ನು, ಬಿರುಕನ್ನಲ್ಲ. 1932ರಲ್ಲಿ ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋದಲ್ಲಿ ಜ್ಯಾಕ್ ಪಿಯರ್ಸ್ ಎಂಬ ಮೇಕಪ್ ಕಲಾವಿದರು ನಟ ಬೋರಿಸ್ ಕಾರ್ಲಾಫ್ ಅವರನ್ನು ಸಾವಿರಾರು ವರ್ಷ ಹಳೆಯ ಮಮ್ಮಿಯನ್ನಾಗಿ ಮಾಡಿದಾಗ ಲ್ಯಾಟೆಕ್ಸ್ ಅಲ್ಲ, ಹತ್ತಿಯ ಎಳೆಗಳನ್ನೂ ಕೊಲೋಡಿಯನ್ ಎಂಬ ದ್ರಾವಣವನ್ನೂ ಪದರ ಪದರವಾಗಿ ಹಚ್ಚಿದ್ದರು. ಕೆಲಸಕ್ಕೆ ಎಂಟು ತಾಸು ಹಿಡಿಯಿತೆಂಬುದು ಪ್ರಸಿದ್ಧ. ಕೊಲೋಡಿಯನ್ ಈಥರಿನಲ್ಲಿ ಕರಗಿಸಿದ ವಸ್ತು, ಒಣಗುವಾಗ ಚರ್ಮವನ್ನೇ ಹಿಡಿದು ಕುಗ್ಗಿಸುತ್ತದೆ. ಅರವತ್ತೆಂಟು ವರ್ಷದ ಮಾಸ್ತರರ ಮೇಲೆ ಅದನ್ನು ಬಳಸುವ ಮಾತೇ ಇರಲಿಲ್ಲ. ಆದರೆ ಪಿಯರ್ಸ್ ಅವರಿಂದ ನಾನು ಹತ್ತಿಯ ಉಪಾಯವನ್ನು ಎತ್ತಿಕೊಂಡೆ.

ಮೂರು ವಾರ ಅದೂ ಇದೂ ಮಾಡಿದ ಮೇಲೆ ನಿಂತ ಕ್ರಮ ಇದು. ಗಡ್ಡ ನುಣ್ಣಗೆ ಬೋಳಿಸಿದ ಮುಖಕ್ಕೆ ತೆಳುವಾಗಿ ಲ್ಯಾಟೆಕ್ಸ್; ಅದರ ಮೇಲೆ ಟಿಶ್ಯೂ ಕಾಗದದ ಒಂದೇ ಎಸಳು. ಕತ್ತರಿಸಿದರೆ ಅಂಚು ಕಾಣುವುದರಿಂದ ಅದನ್ನು ಕೈಯಿಂದಲೇ ಹರಿದು ಅಂಟಿಸಬೇಕು. ಮತ್ತೊಂದು ಸಲ ಲ್ಯಾಟೆಕ್ಸ್, ಅದು ಹಸಿಯಿರುವಾಗಲೇ ಅಲ್ಲಲ್ಲಿ ಹತ್ತಿಯ ತೆಳು ಎಳೆಗಳು. ಮಣ್ಣಿಗೆ ಹಿಡಿತ ಕೊಡುವವು ಈ ಎಳೆಗಳೇ. ನುಣ್ಣನೆಯ ಲ್ಯಾಟೆಕ್ಸಿನ ಮೇಲೆ ಮಣ್ಣು ನಿಲ್ಲುವುದಿಲ್ಲ. ಎರಡನೆಯ ಪದರದ ಲ್ಯಾಟೆಕ್ಸಿಗೆ ನೀರಿನಲ್ಲಿ ಕಲಸಿದ ಕಡುಗಂದು ಪ್ಯಾನ್‌ಕೇಕ್ ಸೇರಿಸಿಕೊಂಡಿರುತ್ತೇನೆ. ಹಸಿಯಾಗಿದ್ದಾಗ ಹಾಲಿನ ಬಿಳುಪಿನಿಂದ ಅದು ಚಹಾದಂತೆ ಕಂಡರೂ ಒಣಗಿದ ಮೇಲೆ ಬಣ್ಣ ಗಾಢವಾಗುತ್ತದೆ. ನಾಟಕದಲ್ಲಿ ಸಾಮಾನ್ಯವಾಗಿ ನಾವು ಆಕಾರ ಕಟ್ಟಿದ ಮೇಲೆ ನೆರಳು ಬರೆಯುತ್ತೇವೆ. ಇಲ್ಲಿ ನೆರಳನ್ನು ಮೊದಲೇ ಬಳಿದು, ಅದರ ಮೇಲೆ ಮುಖದ ಬಣ್ಣವನ್ನು ಮುಚ್ಚಿ, ಆಮೇಲೆ ಆ ಮುಚ್ಚಳ ತಾನೇ ಒಡೆದು ಒಳಗಿನ ಕತ್ತಲೆ ಕಾಣುವಂತೆ ಮಾಡುವುದು. ಅವ್ವನ ಹಿಮ್ಮಡಿಯಲ್ಲಿ ಇದ್ದದ್ದೂ ಇದೇ ಕ್ರಮವಾಗಿತ್ತು.

ಮೇಲಿನ ಮುಚ್ಚಳಕ್ಕೆ ಮುಲ್ತಾನಿ ಮಿಟ್ಟಿ ಮೂರು ಚಮಚ, ತೆಳು ಗಂಜಿ ಒಂದು ಚಮಚ, ಮಾಸ್ತರರ ಮೈಬಣ್ಣಕ್ಕೆ ಹೊಂದುವಷ್ಟು ಪ್ಯಾನ್‌ಕೇಕಿನ ಪುಡಿ, ಇಡ್ಲಿ ಹಿಟ್ಟಿನ ಹದಕ್ಕೆ ನೀರು. ಇದನ್ನು ಎಲ್ಲ ಕಡೆ ಒಂದೇ ದಪ್ಪದಲ್ಲಿ ಬಳಿದರೆ ಮುಖ ಮುಖವಾಗಿ ಉಳಿಯದೆ ಹೆಂಚಾಗುತ್ತದೆ. ಕೆನ್ನೆಯೆಲುಬು ಮತ್ತು ಹಣೆಯ ಮೇಲೆ ದಪ್ಪ, ಮೂಗಿನ ಪಕ್ಕದಲ್ಲಿ ತೆಳು. ಕಣ್ಣು ಮತ್ತು ತುಟಿಯ ಸುತ್ತ ಒಂದು ಬೆರಳಿನಷ್ಟು ಜಾಗದಲ್ಲಿ ಏನೂ ಇಲ್ಲ, ಅಲ್ಲಿ ಬರೀ ಲ್ಯಾಟೆಕ್ಸಿನ ಸುಕ್ಕು. ಹೇರ್ ಡ್ರೈಯರಿನ ಬಿಸಿಗಾಳಿಯಿಂದ ಅವಸರವಾಗಿ ಒಣಗಿಸಿದರೆ ಹೆಂಟೆಗಳ ಅಂಚು ಹಪ್ಪಳದಂತೆ ಮೇಲಕ್ಕೆ ಮುರುಟಿಕೊಳ್ಳುತ್ತದೆ. ನೋಡಲು ಅದು ಬಹಳ ಚೆಂದ. ಒಣಗಿದ ಕೆರೆಯಂಗಳದಲ್ಲಿಯೂ ಹಾಗೆಯೇ ಇರುತ್ತದೆ. ಆದರೆ ಹಾಗೆ ಮುರುಟಿದ್ದು ರಂಗದ ಮೇಲೆ ಐದು ನಿಮಿಷ ಕೂಡ ಉಳಿಯುವುದಿಲ್ಲ, ಆದ್ದರಿಂದ ತಣ್ಣನೆಯ ಗಾಳಿಯೇ ಗತಿ.

ಇಡೀ ಪ್ರಯೋಗದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಸಂಗತಿ ಯೋಜಿಸಿ ಮಾಡಿದ್ದಲ್ಲ. ಮೂರನೆಯ ಸಲ ಮಾಸ್ತರರ ಮುಖಕ್ಕೆ ಮಣ್ಣು ಹಚ್ಚಿ, ಅಲ್ಲಾಡದೆ ಕುಳಿತಿರಿ ಎಂದು ಹೇಳಿ ನಾನು ಚಹಾ ಕುಡಿಯಲು ಹೋಗಿದ್ದೆ. ಮಾಸ್ತರರಿಗೆ ಸುಮ್ಮನೆ ಕುಳಿತು ಬೇಸರವಾಗಿ, ಕೊನೆಯ ದೃಶ್ಯದ ಮಾತುಗಳನ್ನು ಪೂರ್ಣ ದನಿಯಲ್ಲಿ ಹೇಳಿಕೊಳ್ಳತೊಡಗಿದ್ದರು. ತಿರುಗಿ ಬಂದು ನೋಡಿದರೆ, ಅರೆ ಒಣಗಿದ ಮಣ್ಣು ಅವರ ಮಾತಿನ ಜಾಡಿನಲ್ಲಿಯೇ ಬಿರಿದಿತ್ತು. ಹುಬ್ಬು ಏರಿಸಿದ ಕಡೆ ಹಣೆಗೆ ಅಡ್ಡಲಾಗಿ, ಹಲ್ಲು ಕಚ್ಚಿದ ಕಡೆ ದವಡೆಯ ಗುಂಟ, ಕಣ್ಣು ಕಿರಿದು ಮಾಡಿದ ಕಡೆ ಬೀಸಣಿಗೆಯಂತೆ. ಮುಖದ ಸುಕ್ಕುಗಳು ಒಳಗಿನ ಸ್ನಾಯು ಎಳೆಯುವ ದಿಕ್ಕಿಗೆ ಅಡ್ಡಲಾಗಿ ಮೂಡುತ್ತವೆ. ಹಣೆಯ ಸ್ನಾಯು ಮೇಲೆ ಕೆಳಗೆ ಎಳೆಯುವುದರಿಂದಲೇ ಹಣೆಗೆರೆ ಅಡ್ಡವಾಗಿರುವುದು. ಚರ್ಮದ ಬಿಗಿತಕ್ಕೆ ಹೀಗೆ ಗೊತ್ತಾದ ದಿಕ್ಕುಗಳಿವೆ ಎಂಬುದನ್ನು ಆಸ್ಟ್ರಿಯಾದ ಕಾರ್ಲ್ ಲ್ಯಾಂಗರ್ 1861ರಲ್ಲಿಯೇ ಶವಗಳ ಚರ್ಮಕ್ಕೆ ದುಂಡಗಿನ ಮೊನೆಯಿಂದ ಚುಚ್ಚಿ ತೋರಿಸಿದ್ದರು. ದುಂಡಗೆ ಚುಚ್ಚಿದ ತೂತುಗಳು ಉದ್ದುದ್ದ ಸೀಳಿನಂತೆ ಬಾಯಿ ಬಿಟ್ಟಿದ್ದವು. ಇಂದಿಗೂ ಶಸ್ತ್ರವೈದ್ಯರು ಕಲೆ ಕಡಿಮೆಯಾಗಲೆಂದು ಈ ಗೆರೆಗಳ ಗುಂಟ ಕೊಯ್ಯಲು ನೋಡುತ್ತಾರೆ. ಇದನ್ನು ಓದಿದ ಮೇಲೂ ನಾನು ಕೈಯಾರೆ ಅಂಥ ಬಿರುಕುಗಳನ್ನು ಮಾಡಬಲ್ಲೆನೆಂದು ನನಗನ್ನಿಸುವುದಿಲ್ಲ. ಅಂದಿನಿಂದ ಮಣ್ಣು ಅರ್ಧ ಒಣಗಿದಾಗ ಮಾಸ್ತರರಿಂದ ಆ ದೃಶ್ಯವನ್ನು ಒಮ್ಮೆ ಪೂರ್ತಿ ಆಡಿಸುವುದೇ ಮೇಕಪ್ಪಿನ ಒಂದು ಹಂತವಾಯಿತು.

ಬಣ್ಣದಲ್ಲಿ ನಾನು ಬಹಳ ಹಿಂದಕ್ಕೆ ಸರಿದಿದ್ದೇನೆ. ಹೆಂಟೆಗಳ ಅಂಚಿಗೆ ಒಣ ಬ್ರಶ್ಶಿನಿಂದ ಹಳದಿ ಮಿಶ್ರಿತ ಬಿಳುಪು ಸವರುವುದು ಬಿಟ್ಟರೆ ಮತ್ತೇನೂ ಬೇಕಾಗಲಿಲ್ಲ. ಕೆಳತುಟಿಯಲ್ಲಿ ಒಂದೇ ಒಂದು ಹಸಿ ಸೀಳು ಬೇಕೆಂದು ನಿರ್ದೇಶಕರು ಹಟ ಹಿಡಿದರು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಆರತಿ ನೀರಿನ ಕೆಂಪು ಬರುತ್ತದೆ, ಆದರೆ ಸುಣ್ಣವನ್ನು ತುಟಿಗೆ ತಾಗಿಸುವಂತಿಲ್ಲ. ಮಲೆನಾಡಿನಿಂದ ತಂದಿಟ್ಟಿದ್ದ ಜೋನಿಬೆಲ್ಲಕ್ಕೆ, ಅಂದರೆ ನೀರುಬೆಲ್ಲಕ್ಕೆ, ಅಡುಗೆಗೆ ಬಳಸುವ ಕೆಂಪು ಬಣ್ಣ ಒಂದೇ ತೊಟ್ಟು ಸೇರಿಸಿದಾಗ, ಹೆಪ್ಪುಗಟ್ಟುತ್ತಿರುವ ರಕ್ತದ ಆ ಕಂದುಗೆಂಪು, ಆ ಹೊಳಪು, ಆ ನಿಧಾನ ಎಲ್ಲವೂ ಸಿಕ್ಕವು. ಮಾಸ್ತರರಿಗೆ ಇದು ಬಹಳ ಇಷ್ಟವಾಯಿತು, ನೆಕ್ಕಬೇಡಿ ಎಂದು ಎರಡು ಸಲ ಹೇಳಬೇಕಾಯಿತು. ಗ್ರೀನ್‌ರೂಮಿನ ಇರುವೆಗಳಿಗೂ ಇಷ್ಟವಾಯಿತು.

ದೀಪದ ವಿಷಯವನ್ನು ಮೊದಲೇ ವಿಚಾರಿಸಬೇಕಾಗಿತ್ತು. ಮೊಬೈಲಿನ ಕ್ಯಾಮೆರಾಕ್ಕೆ ಅದ್ಭುತವಾಗಿ ಕಂಡ ನವಿರಾದ ಬಿರುಕುಗಳು ಐದನೆಯ ಸಾಲಿನಿಂದ ನೋಡಿದರೆ ಇರಲೇ ಇಲ್ಲ. ಮುಖಕ್ಕೆ ಧೂಳು ಹತ್ತಿದಂತೆ ಕಾಣುತ್ತಿತ್ತು ಅಷ್ಟೇ. ಎದುರಿನಿಂದ ಬೀಳುವ ಬೆಳಕು ಉಬ್ಬುತಗ್ಗುಗಳನ್ನು ನುಂಗಿಬಿಡುತ್ತದೆ. ಕೊನೆಯ ದೃಶ್ಯದಲ್ಲಿ ಎದುರು ದೀಪಗಳನ್ನು ಇಳಿಸಿ, ಬಲಗಡೆಯ ಪಕ್ಕದ ದೀಪ ಒಂದನ್ನೇ ಏರಿಸಿದಾಗ ಪ್ರತಿಯೊಂದು ಹೆಂಟೆಗೂ ತನ್ನದೇ ನೆರಳು ಬಂತು. ಅದಕ್ಕೆ ಹಾಕಿದ್ದ ಕೆಂಪು ಜೆಲ್, ಅಂದರೆ ದೀಪದ ಮುಂದಿನ ಬಣ್ಣದ ಹಾಳೆ, ತೆಗೆಸಬೇಕಾಯಿತು, ಏಕೆಂದರೆ ಕೆಂಪು ಬೆಳಕಿನಲ್ಲಿ ನಮ್ಮ ಜೋನಿಬೆಲ್ಲದ ರಕ್ತ ಮಾಯವಾಗಿ ತುಟಿ ಪೂರ್ತಿ ವಾಸಿಯಾದಂತೆ ಕಾಣುತ್ತಿತ್ತು. ದೀಪ ನಿರ್ವಹಿಸುವ ಹುಡುಗನೊಂದಿಗೆ ಈ ಕುರಿತು ಸ್ವಲ್ಪ ಮಾತಿಗೆ ಮಾತು ಬೆಳೆಯಿತು. ಬರಗಾಲವೆಂದರೆ ಕೆಂಪು ಎಂದು ಅವನು ಎಲ್ಲಿಂದ ಕಲಿತಿದ್ದನೋ ತಿಳಿಯದು.

ಪ್ರದರ್ಶನದ ದಿನ ಮೇಕಪ್ಪಿಗೆ ಒಂದು ತಾಸು ನಲವತ್ತು ನಿಮಿಷ ಹಿಡಿಯಿತು. ಆ ಮುದುಕ ನಡುವಿನ ಎರಡು ದೃಶ್ಯಗಳಲ್ಲಿ ಬರುವುದಿಲ್ಲವಾದ್ದರಿಂದ ಒಳಪದರವನ್ನು ಸಂಜೆಯೇ ಹಾಕಿ, ಸಾದಾ ಬಣ್ಣದಿಂದ ಮುಚ್ಚಿ, ಮಣ್ಣನ್ನು ಮಾತ್ರ ಆ ಬಿಡುವಿನಲ್ಲಿ ಹಚ್ಚಿದೆವು. ಮಾಸ್ತರರು ಹನ್ನೊಂದು ನಿಮಿಷ ರಂಗದ ಮೇಲಿದ್ದರು. ಹಣೆಯಿಂದ ಒಂದು ಹೆಂಟೆ ಕಳಚಿ ಅವರ ಅಂಗೈಗೇ ಬಿತ್ತು. ಅವರು ಅದನ್ನು ಒಂದು ಕ್ಷಣ ನೋಡಿ, ಬೆರಳುಗಳ ನಡುವೆ ಪುಡಿ ಮಾಡಿ ನೆಲಕ್ಕೆ ಉದುರಿಸಿದರು. ಅದು ನಿರ್ದೇಶನದ ಭಾಗವೆಂದೇ ಎಲ್ಲರೂ ತಿಳಿದರು, ನಿರ್ದೇಶಕರೂ ಅಲ್ಲಗಳೆಯಲಿಲ್ಲ. ತೆಗೆಯುವಾಗ ಮೊದಲು ಬೆಚ್ಚನೆಯ ನೀರಿನ ಬಟ್ಟೆಯಿಂದ ಮಣ್ಣನ್ನು ನೆನೆಸಿ, ಆಮೇಲೆ ಲ್ಯಾಟೆಕ್ಸಿನ ಅಂಚಿನೊಳಗೆ ಕೊಬ್ಬರಿ ಎಣ್ಣೆ ಇಳಿಸುತ್ತ ನಿಧಾನವಾಗಿ ಸುತ್ತಿಕೊಂಡು ಬರಬೇಕು. ಎಣ್ಣೆ ರಬ್ಬರನ್ನು ಮೆತ್ತಗಾಗಿಸಿ ಸಡಿಲಿಸುತ್ತದೆ. ಎಳೆದು ಕಿತ್ತರೆ ಬಣ್ಣ ಹಚ್ಚಿ ತೋರಿಸಿದ ಗಾಯ ನಿಜವಾಗುತ್ತದೆ.

ಅವ್ವ ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಳು. ಮನೆಗೆ ಬರುವ ದಾರಿಯಲ್ಲಿ ಮುಖದ ಬಗ್ಗೆ ಒಳ್ಳೆಯ ಮಾತು ಬರಬಹುದೆಂದು ಕಾದೆ. "ಮಾರಿ ಒಡದೈತಿ ಖರೇ, ಕೈ ಯಾಕ ಅಷ್ಟ ನುಣ್ಣಗದಾವ ಮಾಸ್ತರವು?" ಎಂದು ಕೇಳಿದಳು. ಆದ್ದರಿಂದ ಈಗ ಕೈಯ ಕೆಲಸ ನಡೆದಿದೆ. ಮುಂಗೈ ಅಷ್ಟೇನೂ ಕಷ್ಟವಲ್ಲ, ಬೆರಳ ಗೆಣ್ಣುಗಳ ಮೇಲೆ ಮಣ್ಣು ನಿಲ್ಲುತ್ತಿಲ್ಲ. ಕೋಲು ಹಿಡಿದು ಮುಷ್ಟಿ ಬಿಗಿದೊಡನೆ ಎಲ್ಲವೂ ಉದುರುತ್ತದೆ. ನಿನ್ನೆ ರಾತ್ರಿ ಗಂಜಿಯ ಬದಲು ಮೆಂತ್ಯದ ಲೋಳೆ ಬೆರೆಸಿ ಹಚ್ಚಿಕೊಂಡು, ಕೈಯಲ್ಲಿ ಕಸಬರಿಗೆಯ ಹಿಡಿ ಹಿಡಿದು ಕಾಲು ತಾಸು ಕುಳಿತಿದ್ದೆ. ಮೂರು ಗೆಣ್ಣುಗಳಲ್ಲಿ ನಿಂತಿತು, ಒಂದರಲ್ಲಿ ಬಿತ್ತು.